ಮಾವಳ್ಳಿಯಿಂದ ವಾಪಸ್ ಬಂದ ಅಳಿಲು

ನಾನು ಚಿಕ್ಕವಳಿದ್ದಾಗ ಬಸವನಗುಡಿಯ ನಮ್ಮ ಮನೆಗೆ ಬೇಸಿಗೆ ಬರುತ್ತಿದ್ದದ್ದೇ ಸಂಡಿಗೆ ಹಿಟ್ಟಿನ ವಾಸನೆಯ ಜೊತೆ. ಆ ವರ್ಷ ಅಕ್ಕನ ಮದುವೆ ಬೇರೆ. ಅಮ್ಮ ನಸುಕಿನಲ್ಲೇ ಎದ್ದು ಹಿಟ್ಟು ಬೇಯಿಸಿ, ಇಂಗು ಜೀರಿಗೆ ಬೆರೆಸಿ, ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಸಾಲಾಗಿ ಸಂಡಿಗೆ ಇಡುತ್ತಿದ್ದಳು. ಬಿಸಿಲೇರುವ ಹೊತ್ತಿಗೆ ಸೀಬೆ ಮರದಿಂದ ಅಳಿಲುಗಳು ಇಳಿದು, ಅರ್ಧ ತಿಂದು, ಉಳಿದರ್ಧದ ಮೇಲೆ ಓಡಾಡಿ, ಹಿಕ್ಕೆ ಹಾಕಿ ಹೋಗುತ್ತಿದ್ದವು. ಅವು ಮುಟ್ಟಿದ್ದನ್ನು ಬೀಗರ ಎಲೆಗೆ ಬಡಿಸುವುದುಂಟೇ? ಇಡೀ ಪಂಚೆಯನ್ನು ಅಮ್ಮ ಕಸಕ್ಕೆ ಕೊಡವುತ್ತಿದ್ದಳು, ಕಣ್ಣಲ್ಲಿ ನೀರು ತುಂಬಿಕೊಂಡು.

ಅಳಿಲನ್ನು ಹೊಡೆಯುವ ಮಾತು ನಮ್ಮ ಮನೆಯಲ್ಲಿ ಇರಲಿಲ್ಲ. ಅಪ್ಪ ಇಲಿ ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿ ಇಟ್ಟರು. ಭಾನುವಾರ ಬೆಳಿಗ್ಗೆ ನೋಡಿದರೆ ಒಳಗೊಂದು ಅಳಿಲು, ಬಾಲ ಉಬ್ಬಿಸಿಕೊಂಡು ನಮ್ಮನ್ನೆಲ್ಲ ಬಯ್ಯುತ್ತಿತ್ತು. “ಲಾಲ್‌ಬಾಗಲ್ಲಿ ಬಿಟ್ಬರ್ತೀನಿ, ಸುಖವಾಗಿರತ್ತೆ” ಎಂದು ಅಪ್ಪ ಬೋನಿಗೆ ಟವೆಲ್ ಹೊದಿಸಿ ಹೊರಟರು. ನಾನು ಪಿಕ್‌ನಿಕ್‌ಗೆ ಹೋಗುವವಳ ಹಾಗೆ ಒಳ್ಳೆಯ ಫ್ರಾಕ್ ಹಾಕಿಕೊಂಡು ಹಿಂದೆಯೇ ಹೋದೆ.

ಗೇಟಿನ ವಾಚ್‌ಮನ್ ಟವೆಲ್ ಎತ್ತಿ ನೋಡಿದ. “ಎಲ್ರೂ ಇಲ್ಲಿಗೇ ತಂದ್ರೆ ಹೆಂಗೆ ಸ್ವಾಮಿ? ತಗೊಂಡ್ಹೋಗಿ” ಎಂದ.

ಮನೆಗೆ ಹಿಂತಿರುಗಿದರೆ ಅಮ್ಮನಿಗೆ ಏನು ಹೇಳುವುದು? ಅಪ್ಪ ಲಾಲ್‌ಬಾಗಿನ ಗೋಡೆ ಬಳಸಿಕೊಂಡು ಮಾವಳ್ಳಿಯ ಒಂದು ಗಲ್ಲಿಗೆ ಬಂದರು. ಅಲ್ಲೊಂದು ಮನೆ, ಕಾಂಪೌಂಡಿನಲ್ಲಿ ಎರಡು ತೆಂಗಿನ ಮರ. ಅಪ್ಪ ಅತ್ತಿತ್ತ ನೋಡಿದರು. ಅವರು ಹಾಗೆ ಕಳ್ಳನಂತೆ ನೋಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬಗ್ಗಿ ಬೋನಿನ ಬಾಗಿಲಿಗೆ ಕೈ ಹಾಕಿದರು.

“ಯಾಕ್ ಸಾರ್ ಬೀದೀಲಿ ಕೂತ್ರಿ? ಒಳಗ್ ಬನ್ನಿ.”

ಗೇಟಿನಲ್ಲಿ ಆ ಮನೆಯ ಯಜಮಾನರು ನಿಂತಿದ್ದರು. ಅವರು ಬಯ್ಯಲಿಲ್ಲ, ಅದೇ ಕಷ್ಟವಾದದ್ದು. ತಾವೇ ಬೋನು ಎತ್ತಿಕೊಂಡು ಹೋಗಿ, ವೆರಾಂಡಾದಲ್ಲಿ ಅಪ್ಪನಿಗೆ ಹಾಕಿದ ಕುರ್ಚಿಯ ಪಕ್ಕದಲ್ಲೇ ಇಟ್ಟರು. ಕಾಫಿ ಬಂತು. ಕೋಡುಬಳೆಯ ಪ್ಲೇಟ್ ಹಿಡಿದು ಬಂದವಳನ್ನು ನೋಡಿ ನಾನು ಅಪ್ಪನ ಕುರ್ಚಿಯ ಹಿಂದೆ ಸರಿದೆ. ಕಾನ್ವೆಂಟಿನಲ್ಲಿ ನನ್ನದೇ ಕ್ಲಾಸಿನ ಹುಡುಗಿ. “ಗುಡ್ ಮಾರ್ನಿಂಗ್ ಅಂಕಲ್” ಎಂದು, ಸಿಸ್ಟರ್‌ಗೆ ವಿಶ್ ಮಾಡುವ ಹಾಗೆ ಅಪ್ಪನಿಗೆ ವಿಶ್ ಮಾಡಿದಳು.

“ಎಲ್ಲಿ ಕೆಲ್ಸ ಸಾರ್?” ಎಂದರು ಯಜಮಾನರು.

“ಹೈಸ್ಕೂಲಲ್ಲಿ ಮೇಷ್ಟ್ರು.”

“ಏನ್ ಪಾಠ ಮಾಡ್ತೀರಿ?”

ಅಪ್ಪ ಲೋಟ ಕೆಳಗಿಟ್ಟರು. “ಪೌರನೀತಿ.”

ಯಜಮಾನರು ನಗಲೂ ಇಲ್ಲ. ಎದ್ದುಹೋಗಿ ಒಂದು ಬುಟ್ಟಿ ತಂದರು. ಅದರ ತುಂಬ ಹೆಬ್ಬೆರಳು ತೂರುವಷ್ಟು ತೂತು ಬಿದ್ದು ಒಣಗಿದ ಎಳನೀರು ಕಾಯಿಗಳು. “ಭಾನುವಾರ ಬಂದ್ರೆ ನಿಮ್ ಕಡೆಯೋರು ಯಾರಾದ್ರೂ ಅಳಿಲು ತಂದು ಇಲ್ಲಿ ಬಿಟ್ಟು ಹೋಗ್ತಾರೆ ಸಾರ್. ಈ ವರ್ಷ ನಮ್ಮನೆಯೋರಿಗೆ ಒಂದು ಎಳನೀರೂ ಸಿಕ್ಕಿಲ್ಲ. ಇನ್ನೊಂದ್ ಸ್ವಲ್ಪ ಕಾಫಿ?”

ನಾನು ಕಡಿದ ಕೋಡುಬಳೆಯನ್ನು ಪ್ಲೇಟಿಗೆ ವಾಪಸ್ ಇಟ್ಟೆ. ಅಪ್ಪ ಎದ್ದು ಕೈ ಮುಗಿದು “ತಪ್ಪಾಯ್ತು” ಎಂದರು. ಇಡೀ ಕ್ಲಾಸಿನ ಮಕ್ಕಳನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸುತ್ತಿದ್ದ ನನ್ನ ಅಪ್ಪ.

ವಾಪಸ್ ಬರುವಾಗ ಅವರು ಟವೆಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡರು. “ಮುಚ್ಚಿ ಅಪ್ಪ, ಎಲ್ರೂ ನೋಡ್ತಾರೆ” ಎಂದೆ. “ನೋಡ್ಲಿ” ಎಂದರು. ಗಾಂಧಿ ಬಜಾರಿನಲ್ಲಿ ಸಿಕ್ಕವರೊಬ್ಬರು “ಏನ್ ಮೇಷ್ಟ್ರೇ, ಸರ್ಕಸ್ ಕಂಪನಿ ಸೇರ್ಬಿಟ್ರಾ?” ಎಂದು ತಮಾಷೆ ಮಾಡಿದರೆ, ಅಪ್ಪ ನಿಂತು ಬಿಡಿಸಿ ಹೇಳಿದರು: ನಮ್ಮನೆಯದು, ಬೇರೆಯವರ ಮನೆಗೆ ಬಿಡಲು ಹೋಗಿದ್ದೆ. ಮುಂದೆ ಕೇಳಿದವರಿಗೂ ಅದೇ ಮಾತು. ಅವರು ಕದ್ದು ಬಿಡಲು ಹೋದಾಗ ಆದದ್ದಕ್ಕಿಂತ ಹೆಚ್ಚು ನಾಚಿಕೆ ನನಗೆ ಆಗ ಆಯಿತು. ನಾನು ರಸ್ತೆಯ ಆಚೆ ಬದಿಗೆ ಹೋಗಿ, ಒಬ್ಬಳೇ ನಡೆಯುತ್ತಿರುವ ಹಾಗೆ ನಡೆದೆ. ಅಪ್ಪ ನೋಡಿದರು, ಕರೆಯಲಿಲ್ಲ.

ಮನೆಯ ಅಂಗಳದಲ್ಲಿ ಬೋನು ತೆರೆದಾಗ ಅಳಿಲು ಸರ್ರನೆ ಸೀಬೆ ಮರ ಹತ್ತಿತು. “ಅದನ್ನೇ ಹೊತ್ಕೊಂಡ್ ಬಂದ್ರಾ?” ಎಂದಳು ಅಮ್ಮ. ಅಕ್ಕ ನಕ್ಕುಬಿಟ್ಟಳು. ಆ ರಜೆಯ ಉದ್ದಕ್ಕೂ ಅಪ್ಪ ಕೊಡೆ ಹಿಡಿದು, ಕೋಲು ಇಟ್ಟುಕೊಂಡು, ತಾರಸಿಯ ಮೇಲೆ ಸಂಡಿಗೆ ಕಾದರು. ಬೆನ್ನೆಲ್ಲ ಬೆವರುಸಾಲೆ.

ಮಕ್ಕಳೇ, ಈಗ ನೀವಿರುವುದು ಮೂರನೇ ಫ್ಲೋರ್. ಸಂಡಿಗೆ ಅಂಗಡಿಯಿಂದ ಪ್ಯಾಕೆಟ್‌ನಲ್ಲಿ ಬರುತ್ತದೆ. ಹೋದ ತಿಂಗಳು ಅಳಿಲೊಂದು ವಾಷಿಂಗ್ ಮೆಷಿನ್ನಿನ ಪೈಪು ಕಡಿದಾಗ ನಿಮ್ಮಪ್ಪ ಮೊಬೈಲ್‌ನಲ್ಲಿ ಯಾರಿಗೋ ಹೇಳಿದ, ಸಂಜೆಗೆ ಒಬ್ಬಾತ ಬಂದು ಹಿಡಿದುಕೊಂಡು ಹೋದ. ನೀವು ಕಾರ್ಟೂನ್ ಚಾನೆಲ್‌ನಿಂದ ತಲೆ ಎತ್ತುವುದರೊಳಗೆ ಎಲ್ಲ ಮುಗಿದಿತ್ತು. “ಅಜ್ಜಿ, ಅದನ್ನ ಎಲ್ಲಿ ಬಿಡ್ತಾರೆ?” ಎಂದು ನೀವು ಕೇಳಿದ್ದಕ್ಕೆ ನಾನೇ ಆತನಿಗೆ ಫೋನ್ ಮಾಡಿದೆ. “ಎಲ್ಲೋ ದೂರ ಬಿಟ್ಬಿಟ್ವಿ, ನೀವ್ ಟೆನ್ಷನ್ ತಗೋಬೇಡಿ ಮೇಡಂ” ಎಂದ.

ಯಾರ ಮನೆಯ ಹತ್ತಿರ ಎಂದು ಕೇಳಬೇಕಿತ್ತು. ಬಾಯಿಗೆ ಬಂದಿತ್ತು ಕೂಡ. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ.