ನೀರುಗಂಟಿ ಎರ್ರಿಸ್ವಾಮಿಯ ಕರಡಿಗೆ

ಬಿ.ದುರ್ಗದಲ್ಲಿ ನಲ್ಲಿಗೆ ನೀರು ಬರಬೇಕಾದರೆ ಮೊದಲು ಶಿವನಿಗೆ ನೀರು ಬೀಳಬೇಕು. ಇದು ಸರ್ಕಾರದ ಕಾನೂನಲ್ಲ, ಪಂಚಾಯ್ತಿಯ ನೀರುಗಂಟಿ ಎರ್ರಿಸ್ವಾಮಿಯದು. ಬೆಳಗ್ಗೆ ಎದ್ದು ತಣ್ಣೀರಿನಲ್ಲಿ ಮಿಂದು, ಹಣೆಗೆ ತೋಳಿಗೆ ವಿಭೂತಿ ಧರಿಸಿ, ಕೊರಳಿನ ಬೆಳ್ಳಿಯ ಕರಡಿಗೆ ಬಿಚ್ಚಿ, ಅದರೊಳಗಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮುಗಿಸುವ ತನಕ ಅವನು ಒಂದು ಹನಿ ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ತಾನೇ ಕುಡಿಯದ ಮೇಲೆ ಊರು ಹೇಗೆ ಕುಡಿದೀತು? ಪೂಜೆಯಾದ ಮೇಲೆಯೇ ಟ್ಯಾಂಕಿನ ಹತ್ತಿರ ಹೋಗಿ ವಾಲು ತಿರುಗಿಸುತ್ತಿದ್ದ.

ಎದುರುಮನೆಯ ಕೆಂಚಕ್ಕ ಖಾಲಿ ಬಿಂದಿಗೆಗಳನ್ನು ನಲ್ಲಿಯ ಮುಂದೆ ಸಾಲಾಗಿಟ್ಟು ದಿನಾ ಕೂಗುತ್ತಿದ್ದಳು.

"ಏ ಸ್ವಾಮಿ, ನಿನ್ನ ಶಿವ ಎದ್ದನೇನಪ್ಪ? ನಮ್ಮ ಮನೇಲಿ ಇನ್ನೂ ಯಾರೂ ಮಖ ತೊಳ್ದಿಲ್ಲ ಕಣೋ!"

ಎರ್ರಿಸ್ವಾಮಿ ಕೇಳದವನಂತೆ ಮಂತ್ರದ ದನಿ ಏರಿಸುತ್ತಿದ್ದ. ಆದರೆ ಸುಳ್ಳೇಕೆ ಹೇಳಬೇಕು, ಆ ಕೂಗು ಕೇಳಿದರೆ ಅವನಿಗೆ ಒಳಗೊಳಗೇ ಖುಷಿ. ತನ್ನ ನೇಮಕ್ಕಾಗಿ ಊರು ಕಾಯುತ್ತಿದೆ ಎನ್ನುವುದು ಸಣ್ಣ ಮಾತೇ? ಶಿವನಿಗೆ ಅರ್ಪಿಸಿದ ಭಕ್ತಿಯಲ್ಲಿ ಒಂದು ಪಾಲನ್ನು ಅವನು ತನಗೇ ಎಂದು ಎತ್ತಿಟ್ಟುಕೊಳ್ಳುತ್ತಿದ್ದ. ಅದು ಅವನಿಗೂ ತಿಳಿದಿರಲಿಲ್ಲ, ಊರಿಗೂ ತಿಳಿದಿರಲಿಲ್ಲ.

ಒಬ್ಬಳೇ ಮಗಳು ದೇವಿಕಾಳಿಗೆ ಅವನೇ ಲಿಂಗಪೂಜೆ ಕಲಿಸಿದ್ದ. ಸೋಮವಾರ ಬಿಲ್ವಪತ್ರೆ ಕೀಳಬಾರದು ಎಂದು ಭಾನುವಾರ ಸಂಜೆಯೇ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಿತ್ತಲಿನ ಮರದಿಂದ ಕೀಳಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಿಸುತ್ತಿದ್ದ. "ಶಿವ ಗುಡೀಲಿಲ್ಲ ಕಣವ್ವ, ನಿನ್ನ ಎದೆ ಮೇಲವ್ನೆ. ಅವನಿಗೆ ಕೊಡದೆ ನೀನು ತಿಂದ್ರೆ ಅದು ಕಳ್ಳತನ" ಎನ್ನುತ್ತಿದ್ದ. ಹುಡುಗಿ ಶಾಲೆಗೆ ತಡವಾಗಿ ಏಟು ತಿಂದರೂ ಪೂಜೆ ತಪ್ಪಿಸುತ್ತಿರಲಿಲ್ಲ.

ಆ ದೇವಿಕಾ ನರ್ಸಿಂಗ್ ಓದಿ ಹಿರಿಯೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಆದಿವಾಲದ ಹೈಸ್ಕೂಲಿನ ಮೇಷ್ಟ್ರು ಚೇತನ್‌ಕುಮಾರ್ ಜೊತೆ ಮದುವೆಯಾಯಿತು. ಗಂಡ ಹೆಂಡತಿ ಸೇರಿ ಹಿರಿಯೂರಿನಲ್ಲಿ ಸಣ್ಣದೊಂದು ಮನೆ ಕಟ್ಟಿಸಿದರು. ಗೃಹಪ್ರವೇಶದ ದಿನ ಊಟದ ಸಾಲಿನಲ್ಲಿ ಎರ್ರಿಸ್ವಾಮಿಗೇ ಮೊದಲ ಎಲೆ. ಮಗಳು ಬಗ್ಗಿ ಪಾಯಸ ಬಡಿಸುವಾಗ ಅವಳ ಕೊರಳಲ್ಲಿ ಕರಡಿಗೆ ಇಲ್ಲದಿದ್ದುದು ಅವನ ಕಣ್ಣಿಗೆ ಬಿತ್ತು.

"ಲಿಂಗ ಎಲ್ಲವ್ವ?"

ದೇವಿಕಾ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಆಪರೇಷನ್ ಥಿಯೇಟರಲ್ಲಿ ದಾರ, ಬೆಳ್ಳಿ ಏನೂ ಹಾಕ್ಕಳಂಗಿಲ್ಲ ಅಪ್ಪಾಜಿ. ರಜ ಸಿಗ್ಲಿಲ್ಲ, ರಾತ್ರಿ ಡ್ಯೂಟಿ ಮುಗಿಸಿ ಹಂಗೇ ಬಂದೆ. ಒಳಗೆ ಬಿಚ್ಚಿಟ್ಟೀನಿ" ಎಂದಳು.

ಅವಳ ಮಾತು ಇನ್ನೂ ಮುಗಿದಿರಲಿಲ್ಲ. ಎರ್ರಿಸ್ವಾಮಿ ಎಲೆ ಮಡಿಚಿ ಎದ್ದೇಬಿಟ್ಟ. "ಲಿಂಗ ಬಿಚ್ಚಿಟ್ಟೋರ ಕೈಯಾಗೆ ನಾನು ನೀರೂ ಕುಡಿಯಲ್ಲ" ಎಂದು ಇಡೀ ಸಾಲಿಗೆ ಕೇಳುವಂತೆ ಹೇಳಿ ಕೈತೊಳೆದ. ಊಟದ ಸಾಲಿನಲ್ಲಿ ಕೂತವರು ಎಲ್ಲರದೂ ಮುಗಿಯುವ ಮುಂಚೆ ಏಳುವುದೆಂದರೆ ಬಡಿಸಿದವರ ಮುಖಕ್ಕೆ ಹೊಡೆದಂತೆ. ಮಗಳು ಪಾಯಸದ ಪಾತ್ರೆ ಹಿಡಿದು ಬಗ್ಗಿದವಳು ಬಗ್ಗಿಯೇ ಇದ್ದಳು. ಎರ್ರಿಸ್ವಾಮಿ ಹೊರಗೆ ಬಂದು, ಹೆಂಡತಿ ಅನುಸೂಯಳನ್ನೂ ಎಬ್ಬಿಸಿಕೊಂಡು ಬಸ್ಸು ಹತ್ತಿದ. ದಾರಿಯುದ್ದಕ್ಕೂ ತಾನು ಮಾಡಿದ್ದು ಸರಿ ಎಂದೇ ಅವನಿಗೆ ಅನಿಸಿತ್ತು. ಆ ಮೇಲೆ ಅವನು ಹಿರಿಯೂರಿಗೆ ಹೋಗಲಿಲ್ಲ, ಮಗಳೂ ಊರಿಗೆ ಬರಲಿಲ್ಲ.

ಮುಂದಿನ ವರ್ಷದ ಕಾರ್ತಿಕ ಮಾಸದಲ್ಲಿ ಒಂದು ಬೆಳಗ್ಗೆ ಆಗಿದ್ದು ಹೀಗೆ. ಅನುಸೂಯ ಹೊಸದುರ್ಗದ ತವರಿಗೆ ಹೋಗಿದ್ದಳು. ಎರ್ರಿಸ್ವಾಮಿ ಪೂಜೆಗೆ ಕೂತು, ಲಿಂಗಕ್ಕೆ ನೀರೆರೆದು, ಪತ್ರೆ ಏರಿಸಿದ್ದ. ಅಷ್ಟರಲ್ಲಿ ತ್ರೀ ಫೇಸ್ ಕರೆಂಟು ಬಂತು. ಅದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಬಂದಾಗಲೇ ಮೋಟಾರು ಹಾಕದಿದ್ದರೆ ಟ್ಯಾಂಕು ತುಂಬುವುದಿಲ್ಲ. ಕೆಂಚಕ್ಕನ ಮನೆಯಲ್ಲಿ ಅಂದು ಮೊಮ್ಮಗನ ನಾಮಕರಣ. ಅವಳು ಬಾಗಿಲಿಗೇ ಬಂದು, "ನೆಂಟ್ರೆಲ್ಲ ಬಂದವ್ರೆ ಕಣೋ, ನಿನ್ನ ದಮ್ಮಯ್ಯ, ಇವತ್ತೊಂದಿನ ಬಿರ್ರನೆ ಬಾ" ಎಂದು ಬಾಗಿಲು ಬಡಿದಳು.

ಎರ್ರಿಸ್ವಾಮಿ ಗಡಿಬಿಡಿಯಲ್ಲಿ ಅಂಗೈಯಲ್ಲಿದ್ದುದನ್ನು ತಟ್ಟೆಗಿಳಿಸಿ, ಕರಡಿಗೆ ಮುಚ್ಚಿ ಕೊರಳಿಗೆ ಹಾಕಿಕೊಂಡ. ತಟ್ಟೆಯಲ್ಲಿದ್ದ ಹಿಂದಿನ ದಿನದ, ಅಂದಿನ ಹೂವು ಪತ್ರೆಯನ್ನೆಲ್ಲ ಎಲೆಯಲ್ಲಿ ಕಟ್ಟಿ, ದಿನಾ ಹಾಕುವಂತೆ ಟ್ಯಾಂಕಿನ ಪಕ್ಕದ ಹಾಳುಬಾವಿಗೆ ಎಸೆದ. ಪೂಜೆ ಮಾಡಿದ ಹೂವನ್ನು ತುಳಿಯಬಾರದಲ್ಲ, ಅದಕ್ಕೆ. ಮೋಟಾರು ಹಾಕಿ, ವಾಲು ತಿರುಗಿಸಿದ ಮೇಲೆ ಅಭ್ಯಾಸದಂತೆ ಕೊರಳಿಗೆ ಕೈ ಹೋಯಿತು. ಕರಡಿಗೆ ಹಗುರವಾಗಿತ್ತು. ತೆರೆದು ನೋಡಿದ. ಲಿಂಗ ಸುತ್ತುವ ಬಟ್ಟೆ ಮಾತ್ರ ಇತ್ತು.

ಲಿಂಗ ತಟ್ಟೆಯಲ್ಲಿ ಪತ್ರೆಗಳ ಅಡಿಯಲ್ಲಿ ಇತ್ತು. ಅದನ್ನು ಅವನೇ ಕಟ್ಟಿ ಅವನೇ ಎಸೆದಿದ್ದ.

ನಾಮಕರಣದ ಮನೆಗೇ ಹೋಗಿ, ಕೊಡಪಾನ ಬಾವಿಗೆ ಬಿತ್ತು ಎಂದು ಸುಳ್ಳು ಹೇಳಿ, ಕೆಂಚಕ್ಕನ ಪಾತಾಳಗರಡಿ ತಂದು ಬಾವಿಗೆ ಇಳಿಬಿಟ್ಟ. ಮಧ್ಯಾಹ್ನದವರೆಗೂ ಎಳೆದ. ಪ್ಲಾಸ್ಟಿಕ್ ಕವರು, ಕೊಳೆತ ಹಾರ, ಯಾರದೋ ಹಳೆಯ ಚಪ್ಪಲಿ ಬಂದವು. ಕೊಡದ ಕಂಠಕ್ಕೆ ಸಿಕ್ಕಿಕೊಳ್ಳಲೆಂದು ಮಾಡಿದ ಕೊಕ್ಕೆಗೆ ಅಷ್ಟು ಸಣ್ಣ ಲಿಂಗ ಎಲ್ಲಿ ಸಿಕ್ಕೀತು? ಕೆಸರಿನಲ್ಲಿ ಶಿವ ಕೂತುಬಿಟ್ಟಿದ್ದ.

ಇದಕ್ಕೆ ಪರಿಹಾರ ಇರಲಿಲ್ಲವೆಂದಲ್ಲ. ಹಳೆಯ ಕಾಲದವರು ಲಿಂಗ ಕಳೆದುಕೊಂಡವನು ಬದುಕಿರಬಾರದು ಎನ್ನುತ್ತಿದ್ದರಂತೆ. ಈಗಿನ ಅಯ್ಯನವರು ಹಾಗೆಲ್ಲ ಹೆದರಿಸುವುದಿಲ್ಲ. ಮಠಕ್ಕೆ ಹೋಗಿ, ಹೀಗಾಯಿತು ಸ್ವಾಮಿ ಎಂದು ಅಡ್ಡಬಿದ್ದರೆ ಬೈದು, ಬುದ್ಧಿ ಹೇಳಿ, ಹೊಸ ಲಿಂಗ ಕಟ್ಟುತ್ತಾರೆ. ಎರ್ರಿಸ್ವಾಮಿ ಎರಡು ಸಲ ಮಠದ ಬಾಗಿಲವರೆಗೂ ಹೋದ. ಎರಡು ಸಲವೂ, ಎಲೆ ಮಡಿಚಿ ಎದ್ದ ಆ ದಿನ ಕಣ್ಣಮುಂದೆ ಬಂತು. ಅಯ್ಯನವರಿಗೆ ಗೊತ್ತಾದರೆ ಊರಿಗೆ ಗೊತ್ತಾಗುತ್ತದೆ, ಊರಿಗೆ ಗೊತ್ತಾದರೆ ಹಿರಿಯೂರಿಗೂ ಗೊತ್ತಾಗುತ್ತದೆ. ಬಾಗಿಲಲ್ಲೇ ಕೈಮುಗಿದು ವಾಪಸು ಬಂದ.

ಅಲ್ಲಿಂದ ಅವನು ಪೂಜೆಯ ಕೋಣೆಯ ಬಾಗಿಲು ಹಾಕಿಕೊಳ್ಳತೊಡಗಿದ. ಒಳಗೆ ಬರಿಯ ಎಡ ಅಂಗೈ ಚಾಚಿ, ಅದಕ್ಕೇ ನೀರೆರೆದು, ಅದಕ್ಕೇ ವಿಭೂತಿ ಹಚ್ಚಿ, ಅದರ ಮೇಲೆಯೇ ಪತ್ರೆ ಇಡುತ್ತಿದ್ದ. ಮಂತ್ರ ಬಾಯಿಗೆ ಬರುತ್ತಿತ್ತು, ಕಣ್ಣು ಮಾತ್ರ ಕೈಯ ಗೆರೆಗಳ ಮೇಲೆ ನಿಲ್ಲಲಾರದೆ ಜಾರುತ್ತಿತ್ತು. ಊರಿನವರು ಇದನ್ನು ಬೇರೆಯೇ ರೀತಿ ತಿಳಿದುಕೊಂಡರು. "ಸ್ವಾಮಿ ಈಗೀಗ ಬಾಗ್ಲು ಹಾಕ್ಕಂಡು ಕುಂತ್ಕಂತಾನಂತೆ, ಬಾಳ ಮೇಲಕ್ಕೋಗವ್ನೆ" ಎಂದು ಮಾತಾಡಿಕೊಂಡರು. ಕೆಂಚಕ್ಕ ಸಹ ಕೂಗುವುದನ್ನು ಕಡಿಮೆ ಮಾಡಿದಳು. ಅವಳು ಕೂಗಿದ್ದರೇ ಅವನಿಗೆ ಹಿತವಾಗಿರುತ್ತಿತ್ತು.

ಎಲ್ಲಕ್ಕಿಂತ ಸುಡುತ್ತಿದ್ದುದು ತೀರ್ಥ. ಲಿಂಗಕ್ಕೆ ಎರೆದ ನೀರನ್ನು ಮದುವೆಯಾದ ದಿನದಿಂದ ಅನುಸೂಯ ಅವನ ಕೈಯಿಂದಲೇ ತೆಗೆದುಕೊಳ್ಳುತ್ತಿದ್ದಳು. ಈಗಲೂ ಪೂಜೆ ಮುಗಿಯುತ್ತಲೇ ಬಾಗಿಲಲ್ಲಿ ನಿಂತು ಅಂಗೈ ಒಡ್ಡುತ್ತಿದ್ದಳು. ಕಣ್ಣುಮುಚ್ಚಿ ಕುಡಿದು, ಉಳಿದ ಹನಿಯನ್ನು ತಲೆಗೆ ಸವರಿಕೊಳ್ಳುತ್ತಿದ್ದಳು. ಆ ಕಣ್ಣು ಮುಚ್ಚಿದ ಮುಖ ನೋಡಿದಾಗ ಎರ್ರಿಸ್ವಾಮಿಗೆ ಭೂಮಿ ಬಾಯಿಬಿಡಬಾರದೇ ಎನಿಸುತ್ತಿತ್ತು. ಆದರೂ ಮರುದಿನ ಮತ್ತೆ ಕೊಡುತ್ತಿದ್ದ.

ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಅನುಸೂಯ ಫೋನು ಕೆಳಗಿಟ್ಟು ಬಂದು ಅವನ ಎದುರು ಕೂತಳು. ದೇವಿಕಾ ಬಸುರಿ ಎಂದು ಅವಳು ಮುಂಚೆಯೇ ಹೇಳಿದ್ದಳು. ಅವನು ಹೂಂ ಎಂದು ಟ್ಯಾಂಕಿನ ಕಡೆ ಎದ್ದುಹೋಗಿದ್ದ.

"ಎಂಟನೇ ತಿಂಗಳು ಬಿತ್ತು. ಹೊಟ್ಟೆಯಾಗಿನ ಕೂಸಿಗೆ ಲಿಂಗ ಕಟ್ಟಿಸ್ಬೇಕು. ಚೊಚ್ಚಲ ಬಾಣಂತನ ತವರಿನಾಗೆ ಆಗ್ಬೇಕು. ಕರೆದ್ರೆ ಏನಂದ್ಲು ಗೊತ್ತೇನ್ರಿ? ಅಪ್ಪಾಜಿ ಬಂದು ನನ್ನ ಕೈಯಾಗೆ ಒಂದು ಲೋಟ ನೀರು ಕುಡೀಲಿ, ಬತ್ತೀನಿ. ಇಲ್ಲಾಂದ್ರೆ ಕೂಸು ಇಲ್ಲೇ ಹುಟ್ಲಿ ಅಂದ್ಲು."

ಎರ್ರಿಸ್ವಾಮಿಯ ಕೈ ಕೊರಳಿನ ಕರಡಿಗೆಗೆ ಹೋಯಿತು.

"ನಾನೇನೂ ಹೇಳಲ್ಲ" ಎಂದು ಅನುಸೂಯ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾಳೆ ಪೂಜೇಲಿ ನಿಮ್ಮ ಶಿವನ್ನೇ ಕೇಳ್ರಿ. ಅವನು ಬ್ಯಾಡ ಅಂದ್ರೆ ನಾನೂ ಸುಮ್ನಾಗ್ತೀನಿ."

ಮರುದಿನ ಬೆಳಗ್ಗೆ ಬಾಗಿಲು ಹಾಕಿಕೊಂಡು ಅಂಗೈ ಚಾಚಿದ. ಕೇಳುವುದು ಯಾರನ್ನು? ನೀರಿನ ಗಿಂಡಿ ಕೈಯಲ್ಲಿ ಹಿಡಿದವನು ಎರೆಯದೆ ಕೆಳಗಿಟ್ಟ. ಎದ್ದು ಹೊರಬಂದು, ಅಂಗೈ ಒಡ್ಡಿದ ಹೆಂಡತಿಗೆ, "ಇವತ್ತು ತೀರ್ಥ ಇಲ್ಲ, ಹಿರಿಯೂರಿಗೆ ಹೋಗಿ ಬತ್ತೀನಿ" ಎಂದಷ್ಟೇ ಹೇಳಿದ. ವಾಲು ತಿರುಗಿಸಿ ಬಸ್‌ಸ್ಟಾಪಿನ ಕಡೆ ನಡೆದಾಗ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಹಿಂದಿನಿಂದ ಕೆಂಚಕ್ಕನ ದನಿ ಕೇಳಿತು.

"ಇದೇನು ಸ್ವಾಮಿ, ಇವತ್ತು ನಿನ್ನ ಶಿವ ಇಷ್ಟು ಬೇಗ ಎದ್ದ?"

ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿದ, ಚಿತ್ರದುರ್ಗದಲ್ಲಿ ಮತ್ತೆ ಬದಲಿಸಿದ. ಐಮಂಗಲ ದಾಟುವಾಗ ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು. ಪಕ್ಕದವನು ಬಾಟಲಿ ನೀಡಿದರೂ ಬೇಡವೆಂದ. ಇವತ್ತಿನ ಮೊದಲ ನೀರು ಅವಳ ಕೈಯದೇ ಆಗಬೇಕಿತ್ತು. ಕುಡಿದು ಸುಮ್ಮನೆ ಬಂದುಬಿಟ್ಟರೆ ಸಾಕಲ್ಲ, ಮಿಕ್ಕಿದ್ದು ಹೇಳಲೇಬೇಕೆ ಎಂದು ಒಂದು ಮನಸ್ಸು ಹೇಳುತ್ತಲೇ ಇತ್ತು. ದೊಡ್ಡ ಮನಸ್ಸು ಮಾಡಿ ಮಗಳನ್ನು ಕ್ಷಮಿಸಿದ ಅಪ್ಪನಾಗಿ ಊರಿಗೆ ಮರಳಬಹುದಿತ್ತು.

ದೇವಿಕಾ ಬಾಗಿಲು ತೆರೆದಳು. ಮುಖ ಊದಿಕೊಂಡಿತ್ತು, ಸೊಂಟಕ್ಕೆ ಒಂದು ಕೈ ಕೊಟ್ಟು ನಿಂತಿದ್ದಳು. ಅಳಿಯ ಶಾಲೆಗೆ ಹೋಗಿದ್ದ.

"ಬರ್ರಿ ಅಪ್ಪಾಜಿ. ಕುಂತ್ಕಳ್ರಿ" ಎಂದಳು. ನೀರು ಬೇಕೇ ಎಂದು ಕೇಳಲಿಲ್ಲ. "ಇಷ್ಟು ಬೇಗ ಬಂದೀರಿ ಅಂದ್ರೆ ಪೂಜೆ ಆಗಿರಲ್ಲ. ಮೊದ್ಲು ಪೂಜೆ ಮಾಡ್ಕಳ್ರಿ" ಎಂದು ಒಳಗೆ ಹೋದಳು.

ಅವಳು ದೇವರ ಕೋಣೆಯಲ್ಲಿ ಚಾಪೆ ಹಾಸಿ, ಗಿಂಡಿಯಲ್ಲಿ ನೀರಿಟ್ಟು, ವಿಭೂತಿ ಇಟ್ಟಳು. ಆಮೇಲೆ ಒಂದು ಒದ್ದೆ ಬಟ್ಟೆ ತಂದು ಬಿಚ್ಚಿದಳು. ಒಳಗೆ ಹಸಿರು ಬಿಲ್ವಪತ್ರೆ. "ಸೋಮವಾರ ಅಲ್ವ, ನಿನ್ನೆ ಸಂಜೇನೇ ಕಿತ್ತಿದ್ದು" ಎಂದಳು. ಗೂಡಿನಲ್ಲಿ, ಪೂಜೆ ಮುಗಿಸಿ ಇನ್ನೂ ಕೊರಳಿಗೆ ಹಾಕಿಕೊಳ್ಳದ ಅವಳ ಲಿಂಗವಿತ್ತು. ಅದರ ಮೇಲೆ ಆಗಷ್ಟೇ ಇಟ್ಟ ವಿಭೂತಿ, ಇನ್ನೂ ಬಾಡದ ಒಂದು ಹೂವು.

ಅವಳು ಕೆಲಸಕ್ಕೆ ಹೋಗುವಾಗ ಬಿಚ್ಚಿಡುತ್ತಿದ್ದಳು, ಅಷ್ಟೇ. ಒಂದು ದಿನವೂ ಬಿಟ್ಟಿರಲಿಲ್ಲ. ಅವನು ಕೇಳಿರಲೂ ಇಲ್ಲ.

ಎರ್ರಿಸ್ವಾಮಿ ಚಾಪೆಯ ಮೇಲೆ ಕೂತು ಕರಡಿಗೆ ಬಿಚ್ಚಿ ಅಂಗೈ ಮೇಲೆ ಕವುಚಿದ. ಮಾಸಿದ ಬಟ್ಟೆಯೊಂದು ಬಿತ್ತು.

"ನೀನು ಬಿಚ್ಚಿಟ್ಟೆ ಕಣವ್ವ. ನಾನು ಬಾವಿಗೆ ಎಸೆದೆ" ಎಂದ. ಕರೆಂಟು, ತಟ್ಟೆ, ಪಾತಾಳಗರಡಿ ಎಲ್ಲ ಹೇಳಿದ. ಎಲ್ಲೂ ತನ್ನ ಪರವಾಗಿ ಒಂದು ಮಾತು ಸೇರಿಸಲಿಲ್ಲ.

ದೇವಿಕಾ ಆ ಬಟ್ಟೆಯನ್ನು ಎತ್ತಿ ಬಿಡಿಸಿ ನೋಡಿದಳು. "ಯಾವಾಗ?"

"ಕಾರ್ತೀಕದಾಗೆ."

"ಶಿವರಾತ್ರೀಲೂ?"

"ಶಿವರಾತ್ರೀಲೂ ಬರೀ ಕೈ."

"ಹಂಗಾರೆ ಅವ್ವಂಗೆ ತೀರ್ಥ ಅಂತ ಏನು ಕೊಡ್ತಿದ್ರಿ?"

"ಕೈ ತೊಳೆದ ನೀರು."

ಅವಳು ಬಟ್ಟೆಯನ್ನು ಕೆಳಗಿಟ್ಟಳು. ನಗು ಬರಬಹುದೇನೋ ಎಂದುಕೊಂಡ. ಬಂದದ್ದು ಸಿಟ್ಟು. "ಎಲೆ ಮಡಚಿ ಎದ್ರಲ್ಲ ಅಪ್ಪಾಜಿ! ನಮ್ಮತ್ತೆ ಮಾವ ಎಲ್ಲಾ ನೋಡ್ತಿದ್ರು. ಇವತ್ತಿಗೂ ಯಾರಿಗಾದ್ರೂ ಬಡಿಸೋಕೆ ಬಗ್ಗಿದ್ರೆ, ಇವ್ರೂ ಎದ್ದೋಗ್ತಾರೇನೋ ಅಂತ ಎದೆ ಹೊಡ್ಕಂತೈತೆ ನಂಗೆ."

"ತಪ್ಪಾತು" ಎಂದ ಎರ್ರಿಸ್ವಾಮಿ. ಈ ಮಾತನ್ನು ಅವನು ಶಿವನಿಗೆ ದಿನಾ ಹೇಳಿದ್ದ, ಮನುಷ್ಯರಿಗೆ ಎಂದೂ ಹೇಳಿದವನಲ್ಲ. "ತಪ್ಪಾತು ಕಣವ್ವ. ನೀರು ಕೊಡ್ತೀಯಾ?"

ಅವಳು ಲೋಟದಲ್ಲಿ ನೀರು ತಂದಳು. ಅವನು ಎರಡು ಕೈಯಲ್ಲೂ ಹಿಡಿದು ಕುಡಿದ. ಪೂಜೆಯಿಲ್ಲದೆ ಗಂಟಲಿಗಿಳಿದ ಮೊದಲ ನೀರು. ಕಣ್ಣು ತಾನಾಗಿ ಮುಚ್ಚಿಕೊಂಡಿತು.

ದೇವಿಕಾ ಹಿತ್ತಲಿಗೆ ಹೋಗಿ ಎರಡು ಬಾಳೆಲೆ ಕೊಯ್ದು ತಂದಳು. ಬಿಸಿ ಅನ್ನ, ಹುರುಳಿಕಾಳಿನ ಸಾರು ಬಡಿಸಿ, ಗೋಡೆ ಹಿಡಿದುಕೊಂಡು ನಿಧಾನವಾಗಿ ಅವನ ಎದುರಿಗೇ ಕೂತಳು.

"ಅಯ್ಯನೋರತ್ರ ಒಟ್ಟಿಗೇ ಹೋಗಾಣ" ಎಂದಳು, ಅನ್ನ ಕಲಸುತ್ತ. "ಎರಡು ಲಿಂಗ ಕೇಳಾಣ. ಕೂಸಿಗೊಂದು, ನಿಮಗೊಂದು. ಆದ್ರೆ ಅವ್ವಂಗೆ ನೀವೇ ಹೇಳ್ಬೇಕು. ನಾನು ಹೇಳಲ್ಲ."

"ನಾನೇ ಹೇಳ್ತೀನಿ" ಎಂದ. ಹೇಳುವಾಗ ಅನುಸೂಯಳ ಕಣ್ಣು ಮುಚ್ಚಿದ ಮುಖ ನೆನಪಾಗಿ, ಎತ್ತಿದ ತುತ್ತನ್ನು ಎಲೆಗಿಳಿಸಿ ಮತ್ತೆ ಕಲಸಿದ.

ಅವನದು ಬೇಗ ಮುಗಿಯಿತು. ವಾಲು, ಮೋಟಾರು ಎಂದು ಓಡುವವನದು ಯಾವಾಗಲೂ ಬೇಗ. ಅವಳಿಗೆ ತುಂಬಿದ ಹೊಟ್ಟೆ, ಎರಡು ತುತ್ತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕು, ಎಲೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು. ಎರ್ರಿಸ್ವಾಮಿಯ ಬೆರಳಿಗೆ ಅಂಟಿದ್ದ ಸಾರು ಒಣಗಿ ಬಿಗಿಯತೊಡಗಿತು. ಮಂಡಿ ನೋಯುತ್ತಿತ್ತು. ಅವಳು ತಲೆಯೆತ್ತಿ ಒಮ್ಮೆ ಅವನನ್ನು ನೋಡಿದಳು, ಮತ್ತೆ ತಲೆ ತಗ್ಗಿಸಿ ಉಣ್ಣತೊಡಗಿದಳು. ಅವಳ ಎಲೆ ಖಾಲಿಯಾಗುವವರೆಗೆ ಅವನು ಏಳಲಿಲ್ಲ.