ಗೋಡೆಯಾಚೆಯ ಲಮಿಸಿ

ಮೀನನ್ನು ಹೊಗೆಗೆ ಹಾಕಿ ಮಾರುತ್ತಲೇ ಮೂವರು ಮಕ್ಕಳನ್ನು ದಡ ಸೇರಿಸಿದ ಅರಬಾ ಬಾಯಿಗೆ ಹೆಸರಾದವಳು. ಅವಳೊಡನೆ ಚೌಕಾಸಿ ಮಾಡಿ ಗೆಲ್ಲುವ ಗಂಡಸು ಘಾನಾದ ಆ ಕರಾವಳಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಅಂಥವಳು ಒಂದೇ ಒಂದು ಮಾತನ್ನು ಜನ್ಮವಿಡೀ ನುಂಗಿಕೊಂಡಿದ್ದಳು. ಅವಳ ಅಜ್ಜಿ, ಅಮ್ಮನ ಅಮ್ಮ ಲಮಿಸಿ, ಅವರ ಮನೆತನದಲ್ಲಿ ಹುಟ್ಟಿದವಳಲ್ಲ, ಉತ್ತರದ ಸಂತೆಯಿಂದ ಕೊಂಡು ತಂದ ಹುಡುಗಿ. ಒಬ್ಬರ ಮೂಲವನ್ನು ಇನ್ನೊಬ್ಬರು ಬಾಯಿಬಿಟ್ಟು ಹೇಳಕೂಡದೆಂಬುದು ಅಲ್ಲಿಯ ಕಟ್ಟಳೆ. ಅದು ಕಾಯುವುದು ಕೊಂಡವರ ಮಾನವನ್ನೋ ಬಿಕರಿಯಾದವರ ಮಾನವನ್ನೋ ದೇವರೇ ಬಲ್ಲ.

ಈಗ ಊರವರು ಕಡಲ ದಂಡೆಯಲ್ಲಿ ಸ್ಮಾರಕದ ಗೋಡೆ ಎಬ್ಬಿಸಿದ್ದರು. ಅದು ಗುಲಾಮರಾಗಿ ಹಡಗು ಹತ್ತಿದವರಿಗೆ. ಗುಲಾಮರಾಗಿ ಊರಲ್ಲೇ ಉಳಿದವರ ಸುದ್ದಿಯೇ ಇಲ್ಲ. ಅರಬಾಳಿಗೆ ಅದನ್ನು ಸಹಿಸಲಾಗಲಿಲ್ಲ. ಉದ್ಘಾಟನೆಯ ಹಿಂದಿನ ದಿನ ಮನೆತನದ ಯಜಮಾನ ಅಮಿಸಾನ ಎದುರು ಹೋಗಿ ನಿಂತಳು.

“ಮಾವ, ನಾಳೆ ಹೆಂಡ ಎರೆದು ಸತ್ತವರನ್ನ ಕರೀತೀರಲ್ಲ, ಲಮಿಸೀನೂ ಕರೀರಿ.”

ಅಮಿಸಾ ತಲೆಯೆತ್ತಲಿಲ್ಲ. “ನಿಮ್ಮಮ್ಮ ಇನ್ನೂ ಶವಾಗಾರದಲ್ಲಿ ಮಲಗಿದಾಳೆ. ಶನಿವಾರ ಅವಳು ನಮ್ಮ ಮನೆ ಮಣ್ಣು ಸೇರಬೇಕೋ ಬೇಡ್ವೋ? ನಾಲಿಗೆ ಬಿಗಿ ಹಿಡ್ಕೋ.”

ಅರಬಾ ಬಂದ ದಾರಿ ಹಿಡಿದಳು. ಮನೆತನ ಒಪ್ಪಿಕೊಳ್ಳದಿದ್ದರೆ ಅಮ್ಮನದು ಅನಾಥ ಹೆಣ.

ಮರುದಿನ ಗೋಡೆಯ ಮುಂದೆ ಅಮಿಸಾ ಹೆಂಡ ಎರೆಯುತ್ತ ಒಂದೊಂದೇ ಹೆಸರು ಕರೆದ. ಪ್ರತಿ ಹೆಸರಿಗೂ ಜನ “ಹೂಂ” ಎಂದರು. ಕರೆದ ಹೆಸರಿಗೆ ಯಾರೂ ಓಗೊಡದಿದ್ದರೆ ಸತ್ತವರಿಗೆ ಅದಕ್ಕಿಂತ ಅವಮಾನವಿಲ್ಲ. ಕೊನೆಯ ಹೆಸರೂ ಮುಗಿಯಿತು. ಲಮಿಸಿಯ ಹೆಸರು ಬರಲಿಲ್ಲ. ಅರಬಾ ಮುಂದೆ ನುಗ್ಗಿ ಅವನ ಕೈಯ ಹೆಂಡದ ಸೋರೆಬುರುಡೆಯನ್ನು ಕಸಿದುಕೊಂಡಳು.

“ಕಡಲು ದಾಟದೆ ನಮ್ಮ ಒಲೆ ಮುಂದೇನೇ ಬೆಂದವಳೇ, ನನ್ನಜ್ಜಿ ಲಮಿಸಿ, ಬಾ, ಕುಡಿ!”

ಹೆಂಡ ಮರಳಲ್ಲಿ ಇಂಗಿತು. ಒಬ್ಬರೂ ತುಟಿ ಬಿಚ್ಚಲಿಲ್ಲ. ಅರಬಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ನಮ್ಮನೇಲಿ ಆ ಹೆಸರಿನವರು ಯಾರೂ ಇಲ್ಲ,” ಎಂದ ಅಮಿಸಾ.

“ಹೂಂ.” ಕುರ್ಚಿಯಲ್ಲಿ ಕೂತಿದ್ದ ಅವನ ಚಿಕ್ಕಮ್ಮ ಎಸಾಬಾ, ಎಂಬತ್ತು ದಾಟಿದ ಮುದುಕಿ, ಲಮಿಸಿಯ ಹೆಸರಿಗೆ ಓಗೊಟ್ಟು ಕೋಲು ಕುಟ್ಟಿದಳು. “ಯಾರೂ ಇಲ್ವೇನೋ? ನಿಮ್ಮಮ್ಮನ್ನೂ ನನ್ನನ್ನೂ ಬೆನ್ನಿಗೆ ಕಟ್ಕೊಂಡು ಸಾಕಿದ್ದು ಮತ್ಯಾರೋ, ದೆವ್ವಾನಾ?”

ಅವಳ ಹಿಂದೆ ಒಬ್ಬರು ಹೂಂಗುಟ್ಟಿದರು, ಆಮೇಲೆ ನಾಲ್ಕಾರು ಮಂದಿ, ಆಮೇಲೆ ಇಡೀ ದಂಡೆ.

ಅಮಿಸಾ ಜನರ ಮುಂದೆ ಸೋತರೂ ಹಟ ಬಿಡಲಿಲ್ಲ. ಶನಿವಾರ ಹೆಣವನ್ನೇನೋ ತರಿಸಿದ. ಗುಂಡಿಯನ್ನು ಮಾತ್ರ ಮನೆತನದ ಸ್ಮಶಾನದ ಗೋಡೆಯಾಚೆ ತೋಡಿಸುತ್ತಿದ್ದ, ಹಿಂದೆಲ್ಲ ಕೊಂಡು ತಂದವರನ್ನು ಗುರುತಿಲ್ಲದೆ ಹೂಳುತ್ತಿದ್ದ ಕಡೆ.

“ಬಾಯಿ ಬಿಟ್ಟೆಯಲ್ಲ, ಅನುಭವಿಸು,” ಎಂದ.

ಎಸಾಬಾ ಅರಬಾಳ ತೋಳು ಹಿಡಿದು ಕೋಲಿನಿಂದ ಒಂದು ತೆಂಗಿನ ಬುಡವನ್ನು ತೋರಿಸಿದಳು. “ಅಲ್ಲೇ ಕಣೇ ಲಮಿಸಿ ಇರೋದು.”

ಅರಬಾ ಗೊಳೋ ಎಂದು ಅತ್ತಳು. ಅತ್ತು ಮುಗಿಸಿ ಗುಂಡಿ ತೋಡುವವರ ಬಳಿ ಹೋದಳು.

“ಆ ತೆಂಗಿನ ಕಡೆಗೆ ಇನ್ನೊಂಚೂರು ಸರಿಸಿ ತೋಡ್ರಪ್ಪಾ. ಅವಳಮ್ಮ ಅಲ್ಲಿದಾಳೆ.”