ಸೂಸನ್ ಯಾವ ಕಿಮ್?

1985ನೇ ಇಸವಿ. ಆಗ ನಾವು ಅಮೆರಿಕದ ಯೂನಿಯನ್ ಸಿಟಿಯ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನನಗೆ ಓಕ್ಲ್ಯಾಂಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ದಿನಾ ರೈಲಿನಲ್ಲಿ ಜೊತೆಯಾಗುತ್ತಿದ್ದವಳು ಅದೇ ಲ್ಯಾಬಿನ ಸೂಸನ್. ಮುಖ ಕೊರಿಯಾದ್ದು, ಮಾತು ಅಪ್ಪಟ ಅಮೆರಿಕದ್ದು. ಮೈಸೂರಿನವಳ ಹುಟ್ಟುಗುಣ ಎಲ್ಲಿ ಹೋಗುತ್ತದೆ, ಪರಿಚಯವಾದ ದಿನವೇ "ನಿಮ್ಮದು ಯಾವೂರು?" ಎಂದು ಕೇಳಿದೆ. "ಗಿಲ್‌ರಾಯ್" ಎಂದಳು. ದಕ್ಷಿಣಕ್ಕಿರುವ ಬೆಳ್ಳುಳ್ಳಿ ಬೆಳೆಯುವ ಊರು. "ಅದಲ್ಲ, ಮೂಲ ಊರು?" ಎಂದೆ. ಅವಳು ನಕ್ಕು, "ಅದನ್ನ ನಾನೂ ಹುಡುಕ್ತಾ ಇದೀನಿ" ಎಂದಳು.

ಕೂಸಾಗಿದ್ದಾಗ ಅವಳನ್ನು ಕೊರಿಯಾದ ಅನಾಥಾಲಯದಿಂದ ಗಿಲ್‌ರಾಯ್‌ನ ಬಿಳಿಯ ದಂಪತಿ ದತ್ತು ತಂದಿದ್ದರಂತೆ. ಪ್ರೀತಿಯಿಂದಲೇ ಸಾಕಿದ್ದರು. ಆದರೆ ಹೆತ್ತವಳು ಯಾರು, ಯಾಕೆ ಬಿಟ್ಟುಹೋದಳು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅನಾಥಾಲಯದವರು ಇಟ್ಟಿದ್ದ 'ಕಿಮ್' ಎಂಬ ಮನೆತನದ ಹೆಸರೊಂದೇ ಅವಳ ಜೊತೆ ಬಂದಿತ್ತು; ಸಾಕಿದವರು ಅದನ್ನು ಹಾಗೇ ಉಳಿಸಿದ್ದರು. ಎಷ್ಟು ವಿಚಾರಿಸಿದರೂ ಅಲ್ಲಿಂದ ಏನೂ ತಿಳಿಯಲಿಲ್ಲ.

ಆ ವರ್ಷ ಅವಳು ಮಿನ್ ಎಂಬ ಕೊರಿಯಾದ ಹುಡುಗನನ್ನು ಇಷ್ಟಪಟ್ಟಳು. ಅವನ ತಾಯಿ ಓಕ್ಲ್ಯಾಂಡಿನಲ್ಲಿ ಗ್ರೋಸರಿ ಅಂಗಡಿ ಇಟ್ಟಿದ್ದರು. ಒಂದು ಬೆಳಿಗ್ಗೆ ಸೂಸನ್ ಅತ್ತು ಕೆಂಪಾದ ಕಣ್ಣುಗಳಲ್ಲಿ ರೈಲು ಹತ್ತಿದಳು.

"ಮಿನ್‌ನ ಅಮ್ಮ ಒಪ್ತಾ ಇಲ್ಲ. ಅವರ ಮನೆತನವೂ ಕಿಮ್, ನಾನೂ ಕಿಮ್. ಕಿಮ್‌ಗಳಲ್ಲಿ ಬೇರೆ ಬೇರೆ ಕುಲ ಇದೆಯಂತೆ. ಒಂದೇ ಕುಲದವರು ಮದುವೆ ಆಗೋ ಹಾಗಿಲ್ಲ. ನೀನು ಯಾವ ಕಿಮ್ ಅಂತ ಕೇಳಿದ್ರು. ನಾನೇನು ಹೇಳಲಿ? ನಿನಗೆ ಇದೆಲ್ಲ ಹುಚ್ಚು ಅನ್ನಿಸಬಹುದು."

ಹುಚ್ಚೇ? ನಮ್ಮ ಚಿಕ್ಕಪ್ಪನ ಮಗಳ ಮದುವೆ ಸಗೋತ್ರವೆಂದು ಮಾತುಕತೆಯಲ್ಲೇ ಮುರಿದುಬಿದ್ದಿತ್ತು. ಅದನ್ನು ವಿವರಿಸಿದಾಗ ಅವಳು ಕಣ್ಣರಳಿಸಿ ಕೇಳಿದಳು. ಆಮೇಲೆ ಮೆಲ್ಲಗೆ, "ಅವನು ನಿಜವಾಗಲೂ ನನ್ನ ರಕ್ತಸಂಬಂಧಿ ಆಗಿದ್ರೆ?" ಎಂದಳು. ಆ ಭಯ ಅವಳನ್ನೂ ಕಾಡುತ್ತಿತ್ತು.

ಆಗ ಮೈಸೂರಿನಿಂದ ನಮ್ಮತ್ತೆ ಬಂದಿದ್ದರು. ಯಾರೇ ಕನ್ನಡದವರು ಸಿಕ್ಕಲಿ, ಹೆಸರಿಗೆ ಮುಂಚೆ ಗೋತ್ರ ಕೇಳುವವರು. ಭಾನುವಾರ ಸೂಸನ್ ಊಟಕ್ಕೆ ಬಂದಾಗ, ಹೆದರುತ್ತಲೇ ಅವರಿಗೆ ವಿಷಯ ಹೇಳಿದೆ. ಅತ್ತೆ ಮಜ್ಜಿಗೆ ಬಡಿಸುತ್ತಾ, "ಗೋತ್ರ ಗೊತ್ತಿಲ್ದೋರಿಗೆ ಕಾಶ್ಯಪ ಅಂತ ಹೇಳಿ ಮದುವೆ ಮಾಡ್ತಾರೆ. ಇವಳಿಗಂತೂ ಸಾಕಿದ ಅಪ್ಪ ಇದಾನೆ. ದತ್ತು ಹೋದ ಮೇಲೆ ಅವನ ಕುಲಾನೇ ಇವಳ ಕುಲ" ಎಂದರು.

ನಮ್ಮ ಯಜಮಾನರು ಸುಮ್ಮನಿರಬೇಕಲ್ಲ. "ಅಮ್ಮಾ, ಹುಟ್ಟಿದ ಗೋತ್ರಾನೂ ನೋಡ್ಬೇಕು ಅಂತಾರೆ."

"ಗೊತ್ತಿಲ್ದೇ ಇರೋದನ್ನ ಎಲ್ಲಿಂದ ನೋಡ್ತೀಯೋ? ನೀನು ಅನ್ನ ಕಲಸ್ಕೋ" ಎಂದರು ಅತ್ತೆ. ನಂತರ ನನ್ನ ಕಡೆ ತಿರುಗಿ, "ವಿಮಲಾ, ಆ ಹುಡುಗನ ಅಮ್ಮನ ಹತ್ರ ಹೋಗಿ ಮಾತಾಡೋಣ. ಹುಡುಗಿ ಒಬ್ಬಳೇ ಹೋಗಿ ನಿಂತ್ಕೊಂಡ್ರೆ ಯಾರು ಬೆಲೆ ಕೊಡ್ತಾರೆ?" ಎಂದರು.

ಶನಿವಾರ ಅವರ ಅಂಗಡಿಗೆ ಹೊರಟೆವು. ಅತ್ತೆಯದು ಸೀರೆಯ ಮೇಲೆ ಸ್ವೆಟರು, ಕಾಲಿಗೆ ಬೂಟು, ಬರಿಗೈಯಲ್ಲಿ ಹೋಗಬಾರದೆಂದು ಡಬ್ಬಿ ತುಂಬಾ ಕೊಬ್ಬರಿ ಮಿಠಾಯಿ. ಅತ್ತೆಯ ಕನ್ನಡವನ್ನು ನಾನು ಇಂಗ್ಲಿಷಿಗೆ, ನನ್ನ ಇಂಗ್ಲಿಷನ್ನು ಮಿನ್ ಕೊರಿಯನ್‌ಗೆ ಮಾಡಬೇಕು. ಸೂಸನ್ ಈರುಳ್ಳಿ ಮೂಟೆಗಳ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಮಿನ್‌ನ ತಾಯಿ ಗಂಭೀರವಾಗಿ ನಮಸ್ಕರಿಸಿ ಸ್ಟೂಲು ಕೊಟ್ಟರು, ಡಬ್ಬಿಯನ್ನು ಮುಟ್ಟಲಿಲ್ಲ.

"ಇವರ ಕುಲಗಳಿಗೆ ಹೆಸರು ಹೇಗೆ ಇಡ್ತಾರೆ, ಕೇಳು" ಎಂದರು ಅತ್ತೆ.

ಮೂಲಪುರುಷನ ಊರಿನ ಹೆಸರಂತೆ.

"ಇವಳನ್ನ ಮಗಳು ಅಂತ ಎತ್ಕೊಂಡ ಅಪ್ಪನ ಊರು ಗಿಲ್‌ರಾಯ್. ಹಾಗಾದ್ರೆ ಇವಳು ಗಿಲ್‌ರಾಯ್ ಕಿಮ್. ನಿಮ್ಮದು ಆ ಕುಲವೇ?"

ಮಿನ್ ತಡವರಿಸುತ್ತಾ ಹೇಳಿದ. ಅವನ ತಾಯಿಯ ತುಟಿಯ ಮೇಲೆ ನಗು ಬಂದು ಹೋಯಿತು. ಆದರೆ ಕೂಡಲೇ ಅತ್ತೆಯನ್ನು ನೇರವಾಗಿ ನೋಡಿ, "ನೀವು ಇವಳಿಗೆ ಏನಾಗಬೇಕು?" ಎಂದು ಕೇಳಿದರು.

ಸೂಸನ್ ಅತ್ತೆಯ ಕೈಯಡುಗೆ ಉಂಡಿದ್ದು ಒಂದೇ ಒಂದು ಸಲ.

"ನಾವು ಹೆಣ್ಣಿನ ಕಡೆಯವರು ಅಂತ ಹೇಳು" ಎಂದರು ಅತ್ತೆ.

ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕೋ ತೋಚದೆ, "ಇವಳು ನಮ್ಮವಳು" ಎಂದೆ. ಮಿನ್ ಹೇಳುವ ಮುಂಚೆಯೇ ಸೂಸನ್ ಮುಖ ಮುಚ್ಚಿಕೊಂಡು ಅಳತೊಡಗಿದಳು. ಮಿನ್‌ನ ತಾಯಿ ಅವಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಡಬ್ಬಿ ತೆಗೆದು, ಒಂದು ತುಂಡು ಮಿಠಾಯಿಯನ್ನು ಮೊದಲು ಅವಳ ಕೈಗೇ ಕೊಟ್ಟರು. "ಗಿಲ್‌ರಾಯ್ ಅಪ್ಪ ಅಮ್ಮನ್ನ ಕರೆದುಕೊಂಡು ಬಾ, ಮಾತಾಡ್ತೀನಿ" ಎಂದರು.

ಮದುವೆ ಗಿಲ್‌ರಾಯ್‌ನಲ್ಲೇ ಆಯಿತು. ಅತ್ತೆ ಅಷ್ಟರಲ್ಲಿ ಮೈಸೂರಿಗೆ ಹಿಂತಿರುಗಿದ್ದರು. ನೆಂಟರು ಸೊಸೆ ಯಾವ ಕಿಮ್ ಎಂದು ಕೇಳಿದಾಗಲೆಲ್ಲ ಮಿನ್‌ನ ತಾಯಿ ಮುಖ ಬಿಗಿದುಕೊಂಡು "ಗಿಲ್‌ರಾಯ್ ಕಿಮ್" ಎನ್ನುತ್ತಿದ್ದರು. ಮುಂದಕ್ಕೆ ಯಾರೂ ಕೇಳುತ್ತಿರಲಿಲ್ಲ.

ಅತ್ತೆ ಈಗಿಲ್ಲ. ಹೊರಗಿನವರನ್ನು ಹತ್ತಿರ ಸೇರಿಸದವರು ಎಂದು ನಾನು ತಿಳಿದಿದ್ದ ಆ ಹೆಂಗಸು ಅಂದು "ನಾವು ಹೆಣ್ಣಿನ ಕಡೆಯವರು" ಎಂದಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಸೂಸನ್‌ಗೆ ಹೆತ್ತಮ್ಮ ಸಿಗಲೇ ಇಲ್ಲ. ಮೊದಲ ಮಗು ಹುಟ್ಟಿದಾಗ ನೋಡಲು ಹೋಗಿದ್ದೆ. "ಇನ್ನೂ ಹುಡುಕ್ತಾ ಇದೀಯಾ?" ಎಂದು ಕೇಳಿದೆ. ಮಗುವಿನ ತಲೆ ಸವರುತ್ತಾ, "ಹುಡುಕ್ತೀನಿ. ನಾನು ಯಾರು ಅಂತ ಕೇಳೋಕಲ್ಲ. ನಾನು ಚೆನ್ನಾಗಿದೀನಿ, ನೀನು ಕೊರಗಬೇಡ ಅಂತ ಹೇಳೋಕೆ" ಎಂದಳು. ಆ ಮಾತು ಆ ತಾಯಿಗೆ ಇನ್ನೂ ಮುಟ್ಟಿಲ್ಲವಲ್ಲ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.